ಮೇಣದ ಚೈನು, ಮೂಗಿನ ತುದಿಯ ಸಿಟ್ಟು

ಆಗುವುದಿಲ್ಲ ಎಂದವನ ಹೆಸರು ಅಣ್ಣಾರಾಯ. ಇಂಡಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ. ಎದುರಿಗೆ ಸಿಕ್ಕಾಗ ನಾನು ಅವನಿಗೆ ‘ರೀ’ ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗಲೂ ಹಚ್ಚಬೇಕೆಂಬ ಕಾಯಿದೆ ಎಲ್ಲಿಯೂ ಇಲ್ಲ. ಅವನು ಹಾಗೆ ಹೇಳಿದ್ದು ತನ್ನ ಅಂಗಡಿಯ ಮುಂದೆ, ಚಹಾ ಕುಡಿಯುತ್ತ ನಿಂತಿದ್ದ ಗಂಡಸರ ಎದುರು. ‘ಮೇಣಬತ್ತಿ ಕಾಸಿ ಚೈನಿಗೆ ಹಚ್ಚಿ, ಈ ಥಂಡ್ಯಾಗ ಬಸವನ ಬಾಗೇವಾಡಿತನಾ ಸೈಕಲ್ ಹೊಡೀತೀರಿ? ಆಗಂಗಿಲ್ಲ ಬಿಡ್ರಿ ಅಕ್ಕೋರ. ತಾಳಿಕೋಟಿ ಸೈತ ದಾಟಂಗಿಲ್ಲ.’ ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನು ಬರೆಯಲು ಕೂಡುತ್ತಿರಲಿಲ್ಲ. ಅವನು ಕಪ್ಪು ಕೆಳಗಿಟ್ಟು, ‘ಮೇಣ ಕಾಸೂದು ಬ್ಯೂಟಿ ಪಾರ್ಲರ್ದಾಗ್ರಿ. ಅಲ್ಲಿ ಚಲೋ ನಡೀತೈತಿ’ ಅಂದ. ಎಲ್ಲರೂ ನಕ್ಕರು. ಒಬ್ಬನಿಗೆ ನಗುತ್ತ ನಗುತ್ತ ಚಹಾ ನೆತ್ತಿಗೇರಿ ಕೆಮ್ಮು ಬಂತು. ಅದೊಂದು ಸಮಾಧಾನ.

ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಕ್ಕೋರು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಅಪ್ಪ ಮಾರುಕಟ್ಟೆಯಲ್ಲಿ ಚೀಲ ಹೊತ್ತ, ಅವ್ವ ಲಿಂಬೆಹಣ್ಣು ಆರಿಸುವ ಕೂಲಿಗೆ ಹೋದಳು. ಇದನ್ನು ಕರುಣೆ ಬರಲೆಂದು ಹೇಳುತ್ತಿಲ್ಲ, ಜಂಬದಿಂದಲೇ ಹೇಳುತ್ತಿದ್ದೇನೆ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ: ನನಗೆ ಸಿಟ್ಟು ಜಾಸ್ತಿ. ಧ್ಯಾನ, ಪ್ರಾಣಾಯಾಮ ಎರಡನ್ನೂ ಮಾಡಿ ನೋಡಿದೆ. ಪ್ರಾಣಾಯಾಮ ಮಾಡಿದ ಮೇಲೆ ಉಸಿರು ಬಲವಾಯಿತು, ಮೊದಲಿಗಿಂತ ಹೆಚ್ಚು ಹೊತ್ತು ಬೈಯಲು ಬರತೊಡಗಿತು.

ಅಣ್ಣಾರಾಯ ಹೇಳಿದ ಸವಾರಿ ಯಾವುದೆಂದರೆ, ನಮ್ಮ ಜಿಲ್ಲೆಯ ಸೈಕಲ್ ಹುಚ್ಚಿನವರು ಸೇರಿ ಚಳಿಗಾಲದಲ್ಲಿ ಒಂದು ದಿನ ನಡೆಸುವುದು. ಹೊತ್ತು ಹುಟ್ಟುವ ಮೊದಲು ಇಂಡಿ ಬಿಡಬೇಕು. ಸಿಂದಗಿ, ತಾಳಿಕೋಟಿ, ಮುದ್ದೇಬಿಹಾಳ ಹಾಯ್ದು ಹೊತ್ತು ಮುಳುಗುವುದರೊಳಗೆ ಬಸವನ ಬಾಗೇವಾಡಿ ಮುಟ್ಟಬೇಕು. ಮುಟ್ಟಿದವರಿಗೆ ಒಂದು ಪ್ರಮಾಣಪತ್ರ. ಇದರ ಯಜಮಾನಿಕೆ ಅಣ್ಣಾರಾಯನದು. ಜೊತೆಗೆ ಅವನ ಅಂಗಡಿಯ ಗಾಜಿನ ಕಪಾಟಿನಲ್ಲಿ ಪರದೇಶದ ಚೈನೆಣ್ಣೆಯ ಸಣ್ಣ ಸಣ್ಣ ಬಾಟಲಿಗಳು ಸಾಲಾಗಿ ನಿಂತಿರುತ್ತವೆ, ಗುಡಿಯೊಳಗಿನ ದೇವರ ಹಾಗೆ, ಮುಟ್ಟುವುದಕ್ಕೂ ಬಿಡುವುದಿಲ್ಲ. ಅವನ ಮಟ್ಟಿಗೆ ಚೈನಿಗೆ ಬೇಕಾದ ಜ್ಞಾನವೆಲ್ಲ ಆ ಬಾಟಲಿಯಲ್ಲಿ ಸೀಲಾಗಿ ಬಂದಿದೆ. ಇಂಡಿಯ ಅಡುಗೆಮನೆಯಲ್ಲಿ ಅದು ಹುಟ್ಟುವುದು ಸಾಧ್ಯವಿಲ್ಲ.

ಇಲ್ಲಿ ಯಾರಾದರೂ ಮೈಸೂರು ಕಡೆಯ ಓದುಗರು ‘ನಿಮ್ಮ ಬಿಜಾಪುರ ಸೀಮೆಯಲ್ಲಿ ಚಳಿ ಎಲ್ಲಿಂದ ಬಂತು’ ಎಂದು ಕೇಳಿದರೆ, ದಯವಿಟ್ಟು ಡಿಸೆಂಬರಿನ ಒಂದು ಮುಂಜಾನೆ ಇಂಡಿಯ ಲಿಂಬೆ ತೋಟದ ಪಕ್ಕದ ರಸ್ತೆಗೆ ಬಂದು ನಿಲ್ಲಿ. ಅಡ್ಡ ಬರಲು ಒಂದು ಗುಡ್ಡವಿಲ್ಲದ ಬಯಲು. ಗಾಳಿ ಎಲ್ಲಿಂದಲೋ ಎದ್ದು ನೇರವಾಗಿ ನಿಮ್ಮ ಕಿವಿಯನ್ನೇ ಹುಡುಕಿಕೊಂಡು ಬರುತ್ತದೆ. ಅದೇ ದಿನ ಮಧ್ಯಾಹ್ನ ನೆತ್ತಿ ಸುಡುತ್ತದೆ. ಚಳಿ ದೇಶದವರಿಗೆ ಚಳಿ ಒಂದೇ, ಸೆಕೆ ದೇಶದವರಿಗೆ ಸೆಕೆ ಒಂದೇ. ನಮಗೆ ಎರಡನ್ನೂ ಒಂದೇ ದಿನದೊಳಗೆ ಮುಗಿಸಬೇಕು. ನಮ್ಮ ಮನೆಗಳಲ್ಲಿ ಥರ್ಮಾಮೀಟರು ಬೇಕಿಲ್ಲ. ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡುವ ದಿನ ಚಳಿಗಾಲ ಶುರುವಾಯಿತು ಎಂದು ತಿಳಿಯುತ್ತೇವೆ.

ನಾನು ಚೈನೆಣ್ಣೆಯನ್ನು ಯಾಕೆ ಇಷ್ಟು ದ್ವೇಷಿಸುತ್ತೇನೆ ಎನ್ನುವುದಕ್ಕೆ ಕಾರಣವಿದೆ. ನಮ್ಮ ಹಳ್ಳಿಯಿಂದ ಸಿಂದಗಿಯ ಕಾಲೇಜಿಗೆ ನಾನು ಸೈಕಲ್ ಮೇಲೆಯೇ ಹೋಗಿ ಬಂದು ಡಿಗ್ರಿ ಮುಗಿಸಿದೆ. ಅಣ್ಣ ಬಿಟ್ಟ ಹಳೆಯ ಸೈಕಲ್ಲು, ಚೈನಿಗೆ ಮುಚ್ಚಳವಿಲ್ಲ. ಎಣ್ಣೆ ಹಾಕದಿದ್ದರೆ ಊರಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಎಣ್ಣೆ ಹಾಕಿದರೆ ಎರೆಮಣ್ಣಿನ ಧೂಳು ಅದಕ್ಕೆ ಕೂತು, ಕಾಡಿಗೆಯಂಥ ಕರೀ ಮುದ್ದೆಯಾಗಿ ಬಿಳಿಯ ಪ್ಯಾಂಟಿನ ಕಾಲಿಗೆ ಹತ್ತುತ್ತಿತ್ತು. ಆ ಕಲೆ ಹೋಗುವುದಿಲ್ಲ. ಸಾಬೂನು, ಸೋಡಾ, ಲಿಂಬೆಹಣ್ಣು, ಅವ್ವನ ಶಾಪ, ಯಾವುದಕ್ಕೂ ಹೋಗುವುದಿಲ್ಲ. ಒಮ್ಮೆ ಪಾಠ ಮಾಡುವವರೊಬ್ಬರು ತರಗತಿಯ ಎದುರೇ, ‘ಏನಮ್ಮಾ, ಗ್ಯಾರೇಜಿನಿಂದ ಎದ್ದು ಬಂದೆಯೋ’ ಎಂದರು. ಅಂದಿನಿಂದ ಡಿಗ್ರಿ ಮುಗಿಯುವತನಕ ಹಿಂದಿನ ಬೆಂಚಿನಲ್ಲಿ ಬಲಗಾಲನ್ನು ಎಡಗಾಲ ಹಿಂದೆ ಮಡಚಿ ಕುಳಿತೆ. ಈಗಲೂ ಮದುವೆ ಮನೆಯಲ್ಲಿ, ಸಭೆಯಲ್ಲಿ ನಾನು ಹಾಗೆಯೇ ಕೂಡುತ್ತೇನೆ. ಕಲೆ ಬಟ್ಟೆಯ ಜೊತೆ ಹೋಯಿತು, ಕಾಲು ಇನ್ನೂ ನಂಬಿಲ್ಲ.

ಎಣ್ಣೆಯ ಮೇಲೆ ನನಗೆ ವಂಶಪಾರಂಪರ್ಯದ ಹಗೆಯೇನೂ ಇಲ್ಲ ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ನಮ್ಮ ಅಜ್ಜ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದ. ಔಡಲೆಣ್ಣೆಯಲ್ಲಿ ಹುಲ್ಲಿನ ಬೂದಿ ಕಲಸಿದ ಆ ಕಪ್ಪು ಪಾಕ ಬಂಡಿಯ ನೊಗದ ಕೆಳಗೆ ಬಿದಿರಿನ ಕೊಳವೆಯಲ್ಲಿ ತೂಗಾಡುತ್ತಿತ್ತು. ಅದು ಅಲ್ಲಿಗೆ ಸರಿ. ಬಂಡಿಯ ಗಾಲಿಯ ನಡುವಿನ ಗುಂಬ ಮುಚ್ಚಿದ ಮನೆ. ಒಳಗೆ ಏನಿದ್ದರೂ ಹೊರಗಿನ ಧೂಳಿಗೆ ತಿಳಿಯುವುದಿಲ್ಲ. ಸೈಕಲ್ಲಿನ ಚೈನು ಹಾಗಲ್ಲ. ಅದರದು ಬಾಗಿಲೇ ಇಲ್ಲದ ಸಂಸಾರ. ಬಂದುಹೋಗುವ ಧೂಳೆಲ್ಲ ಒಳಗೆ ಬಂದು ಕೂಡುತ್ತದೆ, ಎಣ್ಣೆ ಅದಕ್ಕೆ ಚಾಪೆ ಹಾಸಿಕೊಡುತ್ತದೆ. ಮೇಣ ಒಣಗಿದ್ದು. ಧೂಳು ಬರುತ್ತದೆ, ಕೂಡಲು ಜಾಗ ಸಿಗದೆ ಹೋಗುತ್ತದೆ. ಇಷ್ಟು ಸರಳವಾದ ಮಾತು. ಇದನ್ನು ಅಣ್ಣಾರಾಯನಿಗೆ ತಿಳಿಸಿ ಹೇಳಿದಾಗ ಅವನು, ‘ಪುಸ್ತಕದ ಮಾತ್ರಿ ಅದು’ ಎಂದ. ಪುಸ್ತಕದ ಮಾತು! ಅಪ್ಪನ ಬೆನ್ನು ಅದಕ್ಕಾಗಿಯೇ ಬಾಗಿದ್ದು, ಸ್ವಾಮಿ. ಪುಸ್ತಕದ ಮಾತು ನನಗೆ ಬರಲಿ ಎಂದೇ.

ಮೊದಲ ಪ್ರಯೋಗಕ್ಕೆ ಬರೇ ಮೇಣಬತ್ತಿ ಸಾಕೆಂದುಕೊಂಡೆ. ಚೈನು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಬಿಸಿನೀರು ಹೊಯ್ದು ಒಣಗಿಸಿದೆ. ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ ಸಣ್ಣ ಬೋಗುಣಿ ಇಟ್ಟು ಅದರಲ್ಲಿ ಮೇಣ ಕರಗಿಸಿದೆ. ಮೇಣವನ್ನು ನೇರವಾಗಿ ಬೆಂಕಿಯ ಮೇಲಿಟ್ಟರೆ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಹೊತ್ತಿಕೊಳ್ಳುವವಳು ನಾನೊಬ್ಬಳೇ ಸಾಕು. ಚೈನನ್ನು ಅದರಲ್ಲಿ ಮುಳುಗಿಸಿ, ಒಳಗಿನ ಗಾಳಿಯೆಲ್ಲ ಗುಳ್ಳೆಗುಳ್ಳೆಯಾಗಿ ಹೊರಬೀಳುವತನಕ ಅಲ್ಲಾಡಿಸಿ, ಬಟ್ಟೆ ಒಣಹಾಕುವ ತಂತಿಗೆ ತೂಗುಹಾಕಿದೆ. ಹಿತ್ತಲಿಗೆ ಬಂದ ಅವ್ವ ಅದನ್ನು ನೋಡಿದಳು, ತನ್ನ ಚಹಾದ ಬೋಗುಣಿಯನ್ನೂ ನೋಡಿದಳು. ‘ನಾಳಿಂದ ಚಹಾ ನಿನ್ನ ಸೈಕಲ್ಲಿಗೇ ಕುಡಸು’ ಎಂದು ಒಳಗೆ ಹೋದಳು.

ನಡುಹಗಲಲ್ಲಿ ಸೈಕಲ್ಲು ಬೆಣ್ಣೆಯಂತೆ ಓಡಿತು. ಮರುದಿನ ಮುಂಜಾನೆಯ ಚಳಿಯಲ್ಲಿ ಹೊರಟೆ ನೋಡಿ, ಮೇಣ ಬಿರುಕುಬಿಟ್ಟು ಕೊಬ್ಬರಿ ತುರಿಯ ಹಾಗೆ ದಾರಿಯುದ್ದಕ್ಕೂ ಉದುರಿತು. ಸಕ್ಕರೆ ಕಾರ್ಖಾನೆಯ ದಾರಿ ತಲುಪುವಷ್ಟರಲ್ಲಿ ಚೈನಿನ ಮೇಲೆ ಹೆಸರಿಗೂ ಮೇಣವಿರಲಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಕಾಲೇಜಿನ ದಿನಗಳ ಅದೇ ಕಿರುಚಾಟ. ಕಾರಣ ಗೊತ್ತಾಗಲು ನನಗೆ ಕೊಬ್ಬರಿ ಎಣ್ಣೆಯ ಬಾಟಲಿ ಸಾಕಾಯಿತು. ಚಳಿಗೆ ಮೇಣ ಬಿರುಸಾಗಿದೆ, ಅದನ್ನು ಮೆತ್ತಗೆ ಮಾಡಬೇಕು. ಮೆತ್ತಗೆ ಮಾಡಲು ಏನಾದರೂ ಎಣ್ಣೆ ಬೆರೆಸಬೇಕು, ಆದರೆ ಮಧ್ಯಾಹ್ನದ ಬಿಸಿಲಿಗೆ ಜಿಡ್ಡಾಗುವಷ್ಟಲ್ಲ.

ಇಲ್ಲಿ ನಾನು ಮಾಡಿದ ಎಡವಟ್ಟನ್ನು ನಮ್ಮ ಜಿಲ್ಲೆಯವರು ಮಾತ್ರ ಮಾಡಬಲ್ಲರು. ನಮಗೆ ಎಣ್ಣೆ ಎಂದರೆ ಕುಸುಬಿ ಎಣ್ಣೆ. ರೊಟ್ಟಿಯ ಮೇಲಿನ ಶೇಂಗಾ ಹಿಂಡಿಗೂ ಅದೇ, ಕೂಸಿನ ಮೈಗೂ ಅದೇ, ಕಿರ್ ಎನ್ನುವ ಬಾಗಿಲಿಗೂ ಅದೇ. ‘ಕುಸುಬಿ ಎಣ್ಣಿಗೆ ಆಗಲಾರದ ಕೆಲಸ ಯಾವದೈತಿ’ ಎಂದು ಅವ್ವ ಡಬ್ಬಿಯನ್ನೇ ಕೈಗಿತ್ತಳು. ಬೆರೆಸಿದೆ. ಆಹಾ! ಚಳಿಯಲ್ಲೂ ಉದುರಲಿಲ್ಲ, ಸಪ್ಪಳವಿಲ್ಲ. ನಾನು ಬೇಕೆಂದೇ ಅಣ್ಣಾರಾಯನ ಅಂಗಡಿಯ ಮುಂದೆ ಇಳಿದು ಪೆಡಲನ್ನು ಹಿಂದಕ್ಕೆ ತಿರುವಿ ತಿರುವಿ ತೋರಿಸಿದೆ. ವಾರ ಕಳೆಯುವಷ್ಟರಲ್ಲಿ ಚೈನು ಹಳದಿ ಅಂಟಾಯಿತು. ರಸ್ತೆಯ ಹೊಟ್ಟು, ಹುಲ್ಲು, ಧೂಳು ಎಲ್ಲವೂ ಅದಕ್ಕೆ ಮೆತ್ತಿದವು. ಬಿಚ್ಚಿ ಒಂದು ತುದಿ ಹಿಡಿದರೆ ಚೈನು ಕೆಳಗೆ ಇಳಿಬೀಳಲಿಲ್ಲ, ಕೋಲಿನ ಹಾಗೆ ನೆಟ್ಟಗೆ ನಿಂತಿತು. ಹೊಸ ಚೈನು ಕೊಳ್ಳಲು ಅಣ್ಣಾರಾಯನ ಅಂಗಡಿಗೇ ಹೋಗಬೇಕಾಯಿತು. ಅವನು ಹಳೆಯ ಚೈನನ್ನು ಮೂಗಿಗೆ ಹಿಡಿದು ಮೂಸಿ, ‘ಅಕ್ಕೋರ, ಒಗ್ಗರಣಿಗೆ ಸಾಸಿವಿ ಮರತೀರೇನ್ರಿ?’ ಅಂದ.

ಹೊಸ ಚೈನಿನ ದುಡ್ಡು ಎಣಿಸಿಟ್ಟು ಹೊರಬಿದ್ದೆ. ಮನೆಗೆ ಬಂದು ಕುಸುಬಿ ಎಣ್ಣೆಯ ಡಬ್ಬಿಯನ್ನು ಬಿಸಾಡಲೆಂದು ಎತ್ತಿದೆ. ಅದು ಕೈಗೆ ಅಂಟಿಕೊಂಡಿತು. ಡಬ್ಬಿಯ ಬಾಯಿಯ ಸುತ್ತ ಎಷ್ಟು ತಿಕ್ಕಿದರೂ ಹೋಗದ ಅಂಟು ಪ್ರತಿ ಮನೆಯಲ್ಲೂ ಇರುತ್ತದಲ್ಲ, ಅದೇ. ಈ ಎಣ್ಣೆ ಗಾಳಿಗೆ ತೆರೆದಿಟ್ಟರೆ ಆಮ್ಲಜನಕ ಹೀರಿ ಅಂಟಾಗುತ್ತದೆ, ಮರಕ್ಕೆ ಬಳಿಯುವ ವಾರ್ನಿಶ್ಶಿನ ಹಾಗೆ. ಚಿಪ್ಸ್ ಪಾಕೀಟಿನಲ್ಲಿ ಸಾರಜನಕ ಯಾಕೆ ತುಂಬುತ್ತಾರೆ, ಎಣ್ಣೆಗೆ ಗಾಳಿ ತಾಗಿದರೆ ಏನಾಗುತ್ತದೆ ಎಂದು ಅದೇ ವಾರ ಹತ್ತನೆಯ ತರಗತಿಗೆ ಕುಣಿದು ಕುಣಿದು ಪಾಠ ಮಾಡಿ ಬಂದವಳು ನಾನೇ! ಶಾಲೆಯ ಗೇಟು ದಾಟಿದ ಕೂಡಲೇ ಆಮ್ಲಜನಕ ಕೆಲಸ ಬಿಡುತ್ತದೆ ಎಂದು ತಿಳಿದಿದ್ದೆನೋ ಏನೋ.

ಸುದ್ದಿ ಹಬ್ಬಿತು. ‘ಇದಕ್ಕೇನ್ರಿ ಡಿಗ್ರಿ ಕಲ್ತದ್ದು?’ ಎಂದು ನನ್ನ ಮುಖಕ್ಕೇ ಕೇಳಿದವರಿದ್ದಾರೆ. ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಅಜ್ಜ ಮುತ್ತಜ್ಜನ ಕಾಲದಿಂದ ಓದಿಕೊಂಡು ಬಂದ ಮನೆಯವರು ತಪ್ಪು ಮಾಡಿದರೆ ಅದಕ್ಕೆ ಪ್ರಯೋಗ ಎಂದು ಹೆಸರು. ನಾವು ಮಾಡಿದರೆ ಓದಿಸಿದ್ದೇ ತಪ್ಪಾಯಿತು ಎನ್ನುತ್ತಾರೆ. ಅವರು ಎಡವಿದರೆ ಅವರೊಬ್ಬರೇ ಬೀಳುತ್ತಾರೆ. ನಾವು ಎಡವಿದರೆ ಅಪ್ಪ, ಅವ್ವ, ಓಣಿ, ಹಳ್ಳಿ ಎಲ್ಲವನ್ನೂ ಕಟ್ಟಿಕೊಂಡು ಬೀಳಬೇಕು. ಹೀಗಾಗಿ ಆ ಸವಾರಿ ನನಗೆ ಸವಾರಿಯಾಗಿ ಉಳಿಯಲಿಲ್ಲ. ನಾನು ಕಲಿತದ್ದು ಪುಸ್ತಕದಿಂದ ಇಳಿದು ರಸ್ತೆಯ ಮೇಲೆ ನಡೆಯುತ್ತದೋ ಇಲ್ಲವೋ, ಅಷ್ಟೇ ಪ್ರಶ್ನೆ. ಬಾಟಲಿ ಕೊಂಡು ಹೋಗುವುದು ಸುಲಭವಿತ್ತು. ಕೊಂಡಿದ್ದರೆ ಬಾಗೇವಾಡಿ ಮುಟ್ಟುತ್ತಿದ್ದೆ, ಆ ಪ್ರಶ್ನೆ ಮಾತ್ರ ಇಂಡಿಯಲ್ಲೇ ನನ್ನ ದಾರಿ ಕಾಯುತ್ತ ಕೂತಿರುತ್ತಿತ್ತು.

ಮೇಣಕ್ಕೆ ಮೇಣದ ಸಂಬಂಧಿಕರನ್ನೇ ಹುಡುಕಬೇಕು ಎಂದು ಹೊಳೆಯಿತು. ಮೇಣಬತ್ತಿಯ ಪ್ಯಾರಾಫಿನ್ನಿಗೆ ದ್ರವರೂಪದ ಒಬ್ಬ ಖಾಸಾ ತಮ್ಮನಿದ್ದಾನೆ. ಗಾಳಿಗೆ ಅಂಟಾಗುವ ಚಟ ಅವನಿಗಿಲ್ಲ. ಅವನು ಸಿಗುವುದು ಔಷಧ ಅಂಗಡಿಯಲ್ಲಿ. ಮಲಬದ್ಧತೆ ಇದ್ದವರಿಗೆ ಕುಡಿಯಲು ಕೊಡುತ್ತಾರೆ.

‘ಎರಡ ದೊಡ್ಡ ಬಾಟ್ಲಿ ಕೊಡ್ರಿ’ ಎಂದೆ.

ಅಂಗಡಿಯವ ದನಿ ತಗ್ಗಿಸಿ, ‘ಯಾರಿಗ್ರಿ ಅಕ್ಕೋರ? ಅವ್ವಗೇನ್ರಿ?’ ಅಂದ.

‘ಸೈಕಲ್ ಚೈನಿಗ್ರಿ.’

ಅವನು ಕಪಾಟಿನಿಂದ ಬಾಟಲಿ ಇಳಿಸಿದ. ‘ನಾಚ್ಕೋಬ್ಯಾಡ್ರಿ. ಥಂಡ್ಯಾಗ ಎಲ್ಲಾರಿಗೂ ಆಗತೈತಿ. ನೀರ ಹೆಚ್ಚ ಕುಡೀರಿ’ ಎಂದು ಬಾಟಲಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಮರುದಿನ ಶಾಲೆಯಲ್ಲಿ ಇಬ್ಬರು ನನ್ನ ಆರೋಗ್ಯ ವಿಚಾರಿಸಿದರು. ಒಬ್ಬರು ಪಪ್ಪಾಯಿ ತಂದುಕೊಟ್ಟರು. ಊರು ಸಣ್ಣದಿದ್ದರೆ ಹೊಟ್ಟೆಯೂ ಸಾರ್ವಜನಿಕ ಆಸ್ತಿ.

ಆ ಔಷಧದ ಎಣ್ಣೆ ಹೆಚ್ಚು ಹಾಕಿದರೆ ಮಧ್ಯಾಹ್ನ ಜಿಡ್ಡಾಯಿತು, ಕಡಿಮೆ ಹಾಕಿದರೆ ಮುಂಜಾನೆ ಉದುರಿತು. ಕೊನೆಗೆ ಐದು ಪಾಲು ಮೇಣಕ್ಕೆ ಒಂದು ಪಾಲು ಎಣ್ಣೆ ಎಂಬಲ್ಲಿಗೆ ಬಂದು ನಿಂತೆ. ಆ ಚೈನು ಚಳಿಯಲ್ಲಿ ಮುರಿಯಲಿಲ್ಲ, ಬಿಸಿಲಿನಲ್ಲಿ ಅಳಲಿಲ್ಲ. ಮನುಷ್ಯರಲ್ಲಿ ಅಂಥ ಸ್ವಭಾವದವರನ್ನು ನಾನು ಇನ್ನೂ ನೋಡಿಲ್ಲ.

ಸವಾರಿಯ ದಿನ ಇಂಡಿ ಬಿಟ್ಟಾಗ ಕೈಬೆರಳುಗಳಿಗೆ ಬ್ರೇಕು ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಅವ್ವ ಹಿಂದಿನ ದಿನವೇ ಬಸ್ಸು ಹತ್ತಿ ಬಾಗೇವಾಡಿಯ ಚಿಗವ್ವನ ಮನೆಗೆ ಹೋಗಿದ್ದಳು. ಅಣ್ಣಾರಾಯ ಜೀಪಿನಲ್ಲಿ ಕೂತು ಮೈಕಿನಲ್ಲಿ ನಮಗೆಲ್ಲ ಹುರುಪು ತುಂಬುತ್ತಿದ್ದ. ಅವನ ಮೈಮೇಲೆ ಸ್ವೆಟರು, ಮಫ್ಲರು, ಅದರ ಮೇಲೆ ಶಾಲು. ಸಿಂದಗಿ ಬರುವಷ್ಟರಲ್ಲಿ ಬೆಳಕಾಯಿತು. ಬಸ್‌ಸ್ಟ್ಯಾಂಡಿನ ಎದುರು ಚುರುಮುರಿಯ ಸುಸಲಾ ತಿಂದು ಹೊರಟೆ. ಸಿಂದಗಿ ದಾಟಿದ ಮೇಲೆ ಒಂದಷ್ಟು ದೂರ ರಸ್ತೆ ಅಗೆದು ಹಾಕಿದ್ದರು. ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸಿದ ಕರೀ ಧೂಳಿನಲ್ಲಿ ಮುಂದಿನವನ ಬೆನ್ನು ಕಾಣುತ್ತಿರಲಿಲ್ಲ. ಬಾಟಲಿ ಎಣ್ಣೆಯ ಚೈನುಗಳು ಒಂದೊಂದಾಗಿ ಬೀಸುಕಲ್ಲಿನ ಸಪ್ಪಳ ಮಾಡತೊಡಗಿದವು. ಗಂಡಸರು ಇಳಿದು ಮತ್ತೆ ಎಣ್ಣೆ ಹಾಕಿದರು, ಧೂಳು ಮತ್ತೆ ಕೂತಿತು. ನಾನು ಹಾಯ್ದು ಮುಂದೆ ಹೋದೆ. ಕನಿಕರ ಬಂತೇ ಎಂದು ಕೇಳಬೇಡಿ. ಬರಲಿಲ್ಲ.

ತಾಳಿಕೋಟಿಯ ಹತ್ತಿರ ಡೋಣಿ ನದಿಯ ಸೇತುವೆಯ ಮೇಲೆ ಒಂದು ಸಪ್ಪಳ ಕೇಳಿತು. ಟಿಕ್. ಮತ್ತೆ ಟಿಕ್. ನನ್ನ ಸೈಕಲ್ಲಿನಿಂದಲೇ. ತಾಳಿಕೋಟಿ ದಾಟುವುದಿಲ್ಲ ಎಂದು ಅವನು ನುಡಿದಿದ್ದನಲ್ಲ! ಇಳಿದೆ. ಚೈನನ್ನು ಒಂದೊಂದು ಕೊಂಡಿಯಾಗಿ ನೋಡಿದೆ, ಬಗ್ಗಿಸಿದೆ, ಕಿವಿಗೊಟ್ಟೆ. ಏನೂ ಇಲ್ಲ. ಮತ್ತೆ ಹತ್ತಿದರೆ ಮತ್ತೆ ಟಿಕ್. ಅಳು ಬರುವ ಹೊತ್ತಿಗೆ ಕೈ ಬೆನ್ನಿನ ಚೀಲಕ್ಕೆ ತಾಗಿತು. ನೀರಿನ ಸ್ಟೀಲ್ ಬಾಟಲಿಗೆ ಮನೆಯ ಕೀಲಿಗೊಂಚಲು ಬಡಿಯುತ್ತಿತ್ತು. ಸೇತುವೆಯ ಮೇಲೆ ಒಬ್ಬಳೇ ನಿಂತು ಆ ಕೀಲಿಗೊಂಚಲಿಗೆ ಬೈದಷ್ಟು ನಾನು ಯಾರಿಗೂ ಬೈದಿಲ್ಲ.

ಮುದ್ದೇಬಿಹಾಳದಲ್ಲಿ ಬಾಳೆಹಣ್ಣು ಹಂಚುತ್ತ ಅಣ್ಣಾರಾಯ ನಿಂತಿದ್ದ. ನನ್ನನ್ನು ಕಂಡವನೇ ಸುತ್ತಲಿನವರನ್ನು ಕರೆದು, ‘ಬರ್ರಿ ಬರ್ರಿ, ಅಕ್ಕೋರ ಪ್ರಯೋಗ ನೋಡೂಣು’ ಎಂದು ಬಗ್ಗಿ, ಚೈನಿನ ಮೇಲೆ ತೋರುಬೆರಳನ್ನು ಉದ್ದಕ್ಕೂ ಎಳೆದ. ಎಲ್ಲರಿಗೂ ತೋರಿಸಲು ಬೆರಳು ಎತ್ತಿದ. ಬೆರಳು ಸ್ವಚ್ಛವಾಗಿತ್ತು. ಅವನು ಆ ಸ್ವಚ್ಛ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಂಡ ಮೇಲೆ ಒರೆಸಲು ಏನೂ ಇರಲಿಲ್ಲವೆಂದು ತಿಳಿಯಿತು. ಆಗ ಅವನು ಅಂದ: ‘ಇವತ್ತ ಥಂಡಿ ಅಷ್ಟ ಇಲ್ಲ ಬಿಡ್ರಿ.’

ನಾನು ಬಾಳೆಹಣ್ಣು ತಿನ್ನದೆ ಹೊರಟೆ. ಮುದ್ದೇಬಿಹಾಳದಿಂದ ಬಾಗೇವಾಡಿಯವರೆಗೆ ಎದುರುಗಾಳಿ. ತೊಡೆಗಳು ಆಗಲೇ ಸತ್ತಿದ್ದವು. ಆ ದಾರಿಯಲ್ಲಿ ನನ್ನನ್ನು ಎಳೆದೊಯ್ದದ್ದು ಮೇಣವಲ್ಲ, ಅಭ್ಯಾಸವಲ್ಲ. ‘ಥಂಡಿ ಅಷ್ಟ ಇಲ್ಲ’ ಎಂಬ ಆ ಒಂದು ಮಾತು. ಮುಂಜಾನೆ ಸ್ವೆಟರಿನ ಮೇಲೆ ಶಾಲು ಹೊದ್ದವನು ಹೇಳಿದ ಮಾತು! ಒಂದೊಂದು ತುಳಿತಕ್ಕೂ ಅದನ್ನು ಅಗಿದು ಅಗಿದು ಉಗುಳುತ್ತ ಹೋದೆ. ಊರ ಹೊರಗಿನ ಹೊಲಗಳ ಜೋಳದ ಮೇಲೆ ಹೊತ್ತು ಇನ್ನೂ ಇರುವಾಗಲೇ ಬಾಗೇವಾಡಿ ಮುಟ್ಟಿದೆ.

ಟೇಬಲ್ಲು ಹಾಕಿ, ಬಟ್ಟೆ ಹಾಸಿ, ಮೈಕು ಕಟ್ಟಿದ್ದರು. ಜೀಪಿನಲ್ಲಿ ನನಗಿಂತ ಮೊದಲೇ ಬಂದಿದ್ದ ಅಣ್ಣಾರಾಯ, ‘ಮಹಿಳಾ ವಿಭಾಗದಾಗ ಪ್ರಥಮ ಸ್ಥಾನ’ ಎಂದು ಕೂಗಿದ. ಮಹಿಳಾ ವಿಭಾಗದಲ್ಲಿ ಇದ್ದದ್ದು ನಾನೊಬ್ಬಳೇ. ಕೊನೆಯ ಸ್ಥಾನವೂ ನನ್ನದೇ. ‘ನಮ್ಮ ಅಂಗಡಿಯ ಪ್ರೋತ್ಸಾಹದಿಂದ ಅಕ್ಕೋರು ಮನ್ಯಾಗ ಮಾಡಿದ ಮೇಣದ ಚೈನ್ ಮ್ಯಾಲೆ…’ ಪ್ರೋತ್ಸಾಹ! ನನ್ನ ಕಿವಿ ಕಾದವು. ಪ್ರಮಾಣಪತ್ರ ಕೊಡುವಾಗ ಮೈಕಿಗೆ ಅಂಗೈ ಮುಚ್ಚಿ, ‘ಒಂದ್ ನಾಕ ಡಬ್ಬಿ ಮಾಡಿ ಕೊಡ್ರಲಾ, ಕಪಾಟಿನ್ಯಾಗ ಇಡೂಣು’ ಎಂದು ಪಿಸುಗುಟ್ಟಿದ. ನಾನು ಆ ಹಾಳೆಯನ್ನು ಅವನ ಕೈಯಿಂದ ಜಗ್ಗಿಕೊಂಡು ಇಳಿದು ಬಂದೆ.

ಅವ್ವ ಚಿಗವ್ವನ ಜೊತೆ ಹುಣಸೆಮರದ ಕೆಳಗೆ ಕೂತಿದ್ದಳು. ಹಾಳೆಯನ್ನು ಅವಳ ಕೈಗಿಟ್ಟೆ. ಓದಲು ಬಾರದವಳು ಅದರ ಅಂಚನ್ನು ಒಮ್ಮೆ ಸವರಿ, ಸೆರಗಿನಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಳು. ಆಮೇಲೆ ನನ್ನ ಮುಖವನ್ನು ನೋಡಿದಳು.

‘ಸಿಟ್ಟ ಇಳೀತೇನ?’

‘ಇಲ್ಲ’ ಎಂದೆ.

‘ಹಂಗಾರ ಬಂದಂಗ ಸೈಕಲ್ ಮ್ಯಾಲೇ ವಾಪಸ್ ಹೋಗು, ಇಂಡಿ ಮುಟ್ಟೂದ್ರಾಗ ಇಳೀತೈತಿ’ ಎಂದಳು ಅವ್ವ. ‘ನಾ ಬಸ್ಸಿಗೆ ಬರ್ತೇನಿ. ಹೆಣ್ಮಕ್ಕಳಿಗೆ ಫುಕಟ್ ಐತಿ.’